ರಜೆಯ ದಿನ ಎತ್ತಿದ ಫೋನು

ಪೈಲಟ್ಟಿಗೆ ವರುಷ, ಫೋನಿಗೆ ನಿಮಿಷ. ಗಾದೆಯಲ್ಲಿದ್ದದ್ದು ಕುಂಬಾರ ಮತ್ತು ದೊಣ್ಣೆ ಎಂಬುದು ಗೊತ್ತು. ಆದರೆ ಇಲ್ಲಿ ಒಡೆದದ್ದು ಮಡಕೆಯಲ್ಲ, ಶಪಥ. ನಡೆದದ್ದು ನಡೆದ ಹಾಗೇ ಇದೆ, ಉಪ್ಪುಖಾರ ಹಚ್ಚಿಲ್ಲ.

ಪೈಲಟ್‌ಗಳ ಸಂಘಕ್ಕೂ ಕಂಪನಿಗೂ ಮೂರು ತಿಂಗಳಿಂದ ಜಟಾಪಟಿ. ವಾರಕ್ಕೆರಡು ದಿನ ಖಾತ್ರಿ ರಜೆ ಬೇಕೆಂದು ಇವರು, ನೋಡೋಣವೆಂದು ಅವರು. ಸಂಘ ಮುಷ್ಕರ ಹೂಡಲಿಲ್ಲ. ರಜೆಯ ದಿನ ಯಾರೂ ಕಂಪನಿಯ ಫೋನ್ ಎತ್ತಬಾರದು ಎಂದಷ್ಟೇ ಸುತ್ತೋಲೆ ಕಳಿಸಿತು. ರಜೆಯಲ್ಲಿದ್ದವರನ್ನು ಕರೆಕರೆದೇ ವಿಮಾನ ಹಾರಿಸುತ್ತಿದ್ದ ಕಂಪನಿಗೆ ಅಷ್ಟಕ್ಕೇ ಏದುಸಿರು ಬಂತು. ಆ ಸುತ್ತೋಲೆ ಬರೆದವನು ಸಂಘದ ಕಾರ್ಯದರ್ಶಿ, ಹಿರಿಯ ಕ್ಯಾಪ್ಟನ್. ಇಪ್ಪತ್ತು ವರ್ಷದಲ್ಲಿ ಒಂದು ಕರೆಗೂ ಇಲ್ಲವೆನ್ನದ ಮನುಷ್ಯ.

ಆ ವಾರ ಅವನಿಗೆ ಎರಡು ದಿನ ರಜೆ. ಎರಡನೆಯ ದಿನ ಮಗಳ ಐದನೇ ತರಗತಿಗೆ ಹೋಗಿ ತನ್ನ ಕೆಲಸದ ಬಗ್ಗೆ ಹೇಳಬೇಕಿತ್ತು. ಹಿಂದಿನ ಎರಡು ವರ್ಷವೂ ಆ ದಿನ ಅವನು ಮೋಡದ ಮೇಲಿದ್ದ.

"ಈ ಸಲ ಬರದಿದ್ರೆ ಇನ್ನು ನಿನ್ನನ್ನ ಕರೆಯೋದೇ ಇಲ್ಲಪ್ಪ," ಎಂದಿದ್ದಳು ಮಗಳು.

ರಜೆಯ ಮೊದಲ ದಿನ ಸಂಜೆ ಮೊಬೈಲ್ ಆಫ್ ಮಾಡಿ ಕೂತ. ಮೂಲೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಬುದ್ಧಿ ಏಳುವ ಮೊದಲೇ ಕೈ ಎದ್ದಿತ್ತು.

ಆಚೆ ಎರಡು ಕೆಮ್ಮು, ಡ್ಯೂಟಿ ಹಂಚುವ ರೋಸ್ಟರ್ ಮ್ಯಾನೇಜರರ ಮೂಗಿನ ದನಿ. "ಕ್ಯಾಪ್ಟನ್ನೇ, ಬೆಳಿಗ್ಗೆ ಒಂಬತ್ತಕ್ಕೆ ಕಾರ್ ಬರುತ್ತೆ. ಯೂನಿಫಾರ್ಮಲ್ಲಿರಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಆಗ್ಲಿ ಸರ್."

ಫೋನಿಟ್ಟ ಮೇಲೆ ತನ್ನದೇ ಸುತ್ತೋಲೆ ನೆನಪಾಯಿತು. ವಿಷಯ ಕೇಳಿ ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಡತಿ ಬಯ್ಯುವುದು ಬಿಟ್ಟು ಯೂನಿಫಾರ್ಮಿಗೆ ಇಸ್ತ್ರಿ ಹಾಕತೊಡಗಿದಳು. ಅದು ಇನ್ನೂ ಚುಚ್ಚಿತು.

ಬೆಳಿಗ್ಗೆ ಕಾರು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ಗಾಡಿ ತಿರುಗಿಸಪ್ಪ. ನಾನು ಡ್ಯೂಟಿಗೆ ಬರಲ್ಲ. ಮಗಳ ಶಾಲೆಗೆ ಬಿಡು, ಆಮೇಲೆ ಆದದ್ದಾಗ್ಲಿ."

ಟೋಪಿ ಕಣ್ಣಿಗಿಳಿಸಿದ್ದ ಡ್ರೈವರ್ ಎರಡು ಸಲ ಕೆಮ್ಮಿದ. "ಕ್ಯಾಪ್ಟನ್ನೇ, ಅಲ್ಲಿಗೇ ಹೋಗ್ತಿರೋದು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಟೋಪಿ ತೆಗೆದರೆ, ಅವನದೇ ಕೋ-ಪೈಲಟ್. ಯಾರ ದನಿಯನ್ನಾದರೂ ಕದಿಯುವ 'ಗಿಣಿರಾಮ'.

"ಸಂಘದವರೆಲ್ಲ, ನೀವು ಫೋನ್ ಎತ್ತೋದೇ ಇಲ್ಲ ಅಂದ್ರು ಅಣ್ಣ. ಎತ್ತೇ ಎತ್ತೀರಿ ಅಂದಿದ್ದು ನಾನೂ ಅತ್ತಿಗೆನೂ ಮಾತ್ರ."

"ಮಗಳಿಗೆ ಗೊತ್ತಾ?"

"ಇಲ್ಲ, ಪಾಪ. ಅದಕ್ಕೇ ಗಾಡಿ ಇಷ್ಟು ಜೋರಾಗಿ ಓಡಿಸ್ತಿರೋದು."

ಕ್ಯಾಪ್ಟನ್ ಅವನ ಹೆಗಲು ಹಿಡಿದ. "ಇಷ್ಟು ವರ್ಷ ಕರೆದವರೆಲ್ಲ ನನ್ನನ್ನ ಮನೆಯಿಂದ ದೂರಕ್ಕೇ ಕರ್ಕೊಂಡು ಹೋದ್ರು ಕಣೋ. ನೀನೊಬ್ಬ..."

ತರಗತಿಯ ಬಾಗಿಲಲ್ಲಿ ಯೂನಿಫಾರ್ಮ್ ಕಂಡದ್ದೇ ಕೊನೆಯ ಬೆಂಚಿನಿಂದ ಒಂದು ಜಡೆ ಓಡಿಬಂದು ಅವನ ಸೊಂಟಕ್ಕೆ ಜೋತುಬಿತ್ತು. ವಿಮಾನ ಹೇಗೆ ಹಾರುತ್ತದೆಂದು ಹೇಳಲು ಬಂದವನು, ತಾನು ಹೇಗೆ ಬೇಸ್ತುಬಿದ್ದೆನೆಂದು ಹೇಳಿದ. ಎರಡು ಸಲ ಕೆಮ್ಮಿ ಮ್ಯಾನೇಜರರ ದನಿ ತೆಗೆಯಲು ಹೋದ, ಮೇಕೆ ಕೂಗಿದಂತಾಯಿತು. ಮಕ್ಕಳು ಬಿದ್ದುಬಿದ್ದು ನಕ್ಕರು. ಟೀಚರೂ ನಕ್ಕರು. ಹೊರಗೆ ಕಾರಿಗೆ ಒರಗಿ ನಿಂತಿದ್ದ ಗಿಣಿರಾಮನಿಗೆ ಮಾತ್ರ, ಅಷ್ಟೂ ನಗುವಿನ ಮೇಲೆ ಕ್ಯಾಪ್ಟನ್ನನ ನಗುವೇ ಕೇಳುತ್ತಿತ್ತು.