ಕೋಡಿಗೆ ಅಡ್ಡ ಇಟ್ಟ ಮೂಟೆಗಳು

ಸಿದ್ದಮಲ್ಲಪ್ಪನಿಗೆ ಒಂದು ಹಟ. ಕೆರೆ ಕೋಡಿ ಬಿದ್ದು ನೀರು ಹಳ್ಳದ ಪಾಲಾಗುವುದನ್ನು ಆತ ನೋಡಲಾರ. ಉಮ್ಮತ್ತೂರಿನ ಆಚೆಗಿರುವ ಅವನ ಊರಿನಲ್ಲಿ ಕೆರೆ ತುಂಬುವುದೇ ಅಪರೂಪ. ತುಂಬಿದ ನೀರನ್ನು ಕೈಯಾರೆ ಬಿಟ್ಟುಕೊಡುವವನು ದಡ್ಡ ಎಂಬುದು ಅವನ ಮಾತು. ಅದಕ್ಕೇ ಈ ಸಲ ಕೆರೆ ತುಂಬಿ ಬರುತ್ತಿದ್ದಂತೆ ಹೆಚ್ಚಾದ ನೀರು ಹೊರಹೋಗುವ ಕೋಡಿಯ ಮೇಲೆ ಸಾಲಾಗಿ ಮಣ್ಣಿನ ಮೂಟೆ ಪೇರಿಸಿ ಬಂದಿದ್ದ. ಇನ್ನೊಂದು ಮೊಳ ನೀರು ನಿಂತರೆ ಅರಿಶಿನಕ್ಕೂ ಬಾಳೆಗೂ ಬೇಸಿಗೆಯ ಚಿಂತೆ ಇಲ್ಲವಲ್ಲ!

ಒಂದು ಬೆಳಿಗ್ಗೆ ಸೊಸೆ ಚಂದ್ರಮತಿ ಮೊಬೈಲ್ ಹಿಡಿದು ಜಗಲಿಗೆ ಬಂದಳು.

“ಮಾವ, ಸಮುದ್ರದಲ್ಲಿ ಸೈಕ್ಲೋನ್ ಎದ್ದದಂತೆ. ನಾಳೆಯಿಂದ ನಮ್ಕಡೆಗೂ ಜೋರು ಮಳೆ ಅಂತ ಮೆಸೇಜ್ ಬಂದದೆ.”

ಸಿದ್ದಮಲ್ಲಪ್ಪ ನಕ್ಕುಬಿಟ್ಟ. “ಸಮುದ್ರ ಎಲ್ಲದೆ, ನಾವ್ ಎಲ್ಲಿದ್ದೀವಿ ಕಣವ್ವ? ಅಲೆ ಏನ್ ಗೋಪಾಲಸ್ವಾಮಿ ಬೆಟ್ಟ ಹತ್ಕಂಡು ಬಂದದಾ?”

“ಅಲೆ ಬರಕಿಲ್ಲ ಮಾವ, ಮೋಡ ಬತ್ತದೆ. ಕೋಡಿಗೆ ಮೂಟೆ ಅಡ್ಡ ಇದ್ರೆ ನೀರು ಎಲ್ಲಿಗೋಗ್ಬೇಕು? ಏರಿ ಹತ್ತಿ ಹರೀತದೆ. ಮಣ್ಣಿನ ಏರಿ ಕೊರ್ಕಂಡು ಒಡೆದೋಯ್ತದೆ. ಒಡೆದ್ರೆ ಮೊದ್ಲು ಸಿಗೋದು ತಗ್ಗಿನ ಬೀದಿ. ಅಲ್ಲಿ ಮಾನಸ ಅವಳೆ, ಹಸಿ ಬಾಣಂತಿ.”

ಮಾನಸ ಪುಟ್ಟಮಾದಯ್ಯನ ಮಗಳು. ಪುಟ್ಟಮಾದಯ್ಯ ಚಿಕ್ಕಂದಿನಿಂದ ಸಿದ್ದಮಲ್ಲಪ್ಪನ ಜೊತೆ ಹೊಲದಲ್ಲಿ ದುಡಿದವನು. ಮೂಟೆ ಪೇರಿಸುವಾಗ ಇನ್ನೊಂದು ತುದಿ ಹಿಡಿದವನೂ ಅವನೇ. ತನ್ನ ಕೈಯಿಂದಲೇ ತನ್ನ ಮೊಮ್ಮಗುವಿನ ತಲೆಯ ಮೇಲೆ ನೀರು ನಿಲ್ಲಿಸಿದ್ದೇನೆಂದು ಪಾಪ, ಅವನಿಗೇನು ಗೊತ್ತು!

ಸಿದ್ದಮಲ್ಲಪ್ಪ ಎದ್ದು ಹೋಗಿ ಏರಿಯ ಮೇಲೆ ನಿಂತ. ಒಂದು ಕಡೆ ತುಂಬು ಕೆರೆ. ಇನ್ನೊಂದು ಕಡೆ, ಕೆಳಗೆ, ಪುಟ್ಟಮಾದಯ್ಯನ ಹೆಂಚಿನ ಮನೆ, ಅದರ ಮುಂದೆ ಒಣಗಲು ಹಾಕಿದ ಮಗುವಿನ ಬಟ್ಟೆ. ಕೆರೆಯ ನೀರು ಆ ಹೆಂಚಿಗಿಂತ ಮೇಲಿತ್ತು. ಇಷ್ಟು ವರ್ಷ ಅದೇ ಏರಿಯ ಮೇಲೆ ಓಡಾಡಿದ್ದರೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿಂದಲೇ ಕೂಗಿದ.

“ಪುಟ್ಟಮಾದಯ್ಯ, ಬಾರ್ಲಾ! ಮೂಟೆ ತೆಗೆಯನ!”

ಕೆಳಗಿನಿಂದ ಹತ್ತಿ ಬಂದ ಪುಟ್ಟಮಾದಯ್ಯನಿಗೆ ಅಚ್ಚರಿ. “ನೀರೆಲ್ಲ ಓಗ್ಬುಡ್ತದಲ್ಲ?”

“ಓಗ್ಲಿ ಬುಡು, ಮುಂದಿನ್ ವರ್ಸ ಬತ್ತದೆ. ಜೋರು ಮಳೆ ಅಂತೆ, ಏರಿ ಒಡೆದ್ರೆ ಮೊದ್ಲು ನಿಮ್ಮನೆಗೇ ನೀರು. ಮಗಳು ಮಗೀನ ಕರ್ಕಂಡು ದಿಣ್ಣೆ ಮೇಲಿರ ನಮ್ಮನೆಗೆ ಬಾ.”

“ಹಸಿ ಬಾಣಂತೀನ ಥಂಡೀಲಿ ಹೊರಕ್ಕೆ ಕರ್ಕಂಡ್ ಬರದಾ?”

ಮಾವನ ಹಿಂದೆಯೇ ಬಂದಿದ್ದ ಚಂದ್ರಮತಿ ಬಿಡಲಿಲ್ಲ. “ಮಳೆಗೆ ಮುಂಚೆ ಬಂದ್ರೆ ಥಂಡಿ ಎಲ್ಲದೆ ಪುಟ್ಟಮಾದಣ್ಣ? ನಡುಮನೆ ಬೆಚ್ಚಗದೆ. ನೀರು ಒಳಕ್ಕೆ ನುಗ್ದ ಮೇಲೆ ಓಡ್ತೀನಿ ಅಂದ್ರೆ ಆದದಾ?”

ಅವಳು ಪಂಚಾಯಿತಿಗೆ ಫೋನ್ ಮಾಡಿದಳು. ಅವರು ಬಂದು ತಗ್ಗಿನ ಬೀದಿಯವರಿಗೂ ಹಳ್ಳದ ಆಚೀಚೆಯವರಿಗೂ ತಿಳಿಸಿದರು. ಆಮೇಲೆ ಎಲ್ಲರೂ ಸೇರಿ ಮೂಟೆಗಳನ್ನು ಒಂದೊಂದಾಗಿ ತೆಗೆದರು. ಸಂಜೆಯೊಳಗೆ ತಗ್ಗಿನ ಬೀದಿಯವರು ಎತ್ತರದಲ್ಲಿದ್ದ ಸ್ಕೂಲಿಗೆ ಹೋಗಿ ಉಳಿದುಕೊಂಡರು. ಆಧಾರ್, ರೇಷನ್ ಕಾರ್ಡ್, ಮಾತ್ರೆ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ. ಮೇನ್ ಸ್ವಿಚ್ ಆಫ್. ದನಗಳೆಲ್ಲ ದಿಣ್ಣೆಯ ಮೇಲೆ. ಮಾನಸ ಮತ್ತು ಮಗು ಸಿದ್ದಮಲ್ಲಪ್ಪನ ನಡುಮನೆಯಲ್ಲಿ.

ಮಳೆ ಬಂತು. ಎಂಥ ಮಳೆ! ಎರಡನೆಯ ದಿನ ತಗ್ಗಿನ ಬೀದಿಯಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತ್ತು, ಆದರೆ ಏರಿ ಅಲುಗಲಿಲ್ಲ. ಕೆರೆಯ ನೀರು ಕೋಡಿಯಿಂದ ಭೋರ್ಗರೆದು ಹಳ್ಳ ಸೇರುವ ಸದ್ದು ಜಗಲಿಯವರೆಗೂ ಕೇಳುತ್ತಿತ್ತು. ಒಳಗೆ ಮಗು ಹಸಿವಿಗೆ ಅಳತೊಡಗಿತು. ಆ ಅಳು ಕೇಳಿ ಸಿದ್ದಮಲ್ಲಪ್ಪನಿಗೆ ಹೋದ ಜೀವ ಬಂದಂತಾಯಿತು. ಹುಟ್ಟಿದಾಗಿನಿಂದ ನೀರು ನಿಲ್ಲಲೆಂದು ಬೇಡಿಕೊಂಡವನು, ಅಂದು ಕೆರೆಯ ದಿಕ್ಕಿಗೆ ಕೈಮುಗಿದು, “ಓಗವ್ವ ಗಂಗಮ್ಮ, ನಿನ್ ದಾರೀಲಿ ನೀನ್ ಓಗು” ಎಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಕೆರೆಯ ಕೋಡಿಯನ್ನು ಇವತ್ತೇ ನೋಡಿ ಬನ್ನಿ. ಮೂಟೆ, ಕಲ್ಲು, ಗಿಡಗಂಟಿ ಅಡ್ಡ ಇದ್ದರೆ ಪಂಚಾಯಿತಿಗೆ ಹೇಳಿ ತೆಗೆಸಿ. ಮಳೆಯ ಮುನ್ಸೂಚನೆ ಬಂದಾಗ ನಗಬೇಡಿ. ಬಾಣಂತಿಯರು, ಮಕ್ಕಳು, ವಯಸ್ಸಾದವರನ್ನು ಮೊದಲು ಎತ್ತರಕ್ಕೆ ಕರೆತನ್ನಿ, ದನದ ಹಗ್ಗ ಬಿಚ್ಚಿ. ಹರಿಯುವ ನೀರನ್ನು ದಾಟಲು ಹೋಗಬೇಡಿ. ಹೋದ ನೀರು ಇನ್ನೊಂದು ಮಳೆಗೆ ಬರುತ್ತದೆ. ಹೋದ ಜೀವ ಬರುವುದಿಲ್ಲ.