ಒಣಗಿದ ಬ್ರೆಡ್ಡಿನ ತಟ್ಟೆ

ಮಾಜಿದಾ ವಾರದಿಂದ ಬಾಲ್ಕನಿಯಲ್ಲಿ ಒಣಗಿಸಿಟ್ಟಿದ್ದ ದಪ್ಪ ಬ್ರೆಡ್ ಹೋಳುಗಳನ್ನು ಅವಳ ತಾಯಿ ನಫೀಸತ್ ಬೆಳಿಗ್ಗೆ ಪುಡಿ ಮಾಡಿ ಪಾರಿವಾಳಗಳಿಗೆ ಹಾಕಿಬಿಟ್ಟಿದ್ದಳು. ಬದಲಿಗೆ ಹಮ್ರಿಯಾ ಪೇಟೆಯ ಬೇಕರಿಯಿಂದ ಬಿಸಿ ಬ್ರೆಡ್ ತರಿಸಿ ಇಟ್ಟಿದ್ದಳು.

"ಉಮ್ಮಾ, ಅದು ತಟ್ಟೆ," ಎಂದಳು ಮಾಜಿದಾ. ಕಣ್ಣು ತುಂಬಿತ್ತು.

"ಎಂತ ತಟ್ಟೆ? ಕಲ್ಲಿನ ಹಾಗೆ ಇತ್ತು. ಶಾಲೆಗೆ ಬಂದವರಿಗೆ ಒಣಕಲು ಕೊಡ್ಲಿಕ್ಕೆ ಆಗ್ತದಾ?"

ಸಂಜೆ ಶಾಲೆಯಲ್ಲಿ ಪ್ರದರ್ಶನ. ಎಂಟನೇ ತರಗತಿಗೆ ಸಿಕ್ಕಿದ್ದು ಮಧ್ಯಯುಗದ ಯುರೋಪಿನ ಜನಜೀವನ. ಆಗ ಅಲ್ಲಿನ ದೊಡ್ಡ ಮನೆಗಳಲ್ಲಿ ಹಳೆಯ ಬ್ರೆಡ್ಡಿನ ಹೋಳೇ ಊಟದ ತಟ್ಟೆ. ಉಂಡಾದ ಮೇಲೆ ಸಾರು ಹೀರಿದ ಆ ತಟ್ಟೆ ಬಾಗಿಲಲ್ಲಿ ನಿಂತ ಬಡವರಿಗೆ. ಇದನ್ನು ಮಾಡಿ ತೋರಿಸುತ್ತೇನೆಂದು ತರಗತಿಯಲ್ಲಿ ಬಾಯಿಯೇ ಬಿಡದ ಮಾಜಿದಾ ಮೊದಲ ಸಲ ಕೈ ಎತ್ತಿದ್ದಳು. ಸಾರು ಸೋರಿ ಎಲ್ಲರೂ ನಕ್ಕರೆ ಆ ಕೈ ಮತ್ತೆ ಮೇಲೇಳುವುದಿಲ್ಲ.

"ಮೊದಲೇ ಹೇಳ್ಲಿಕ್ಕೆ ಏನಾಗಿತ್ತು?" ಎಂದರೂ ನಫೀಸತ್‌ಗೆ ಒಳಗೇ ಕಸಿವಿಸಿಯಾಯಿತು. ಹೊಸ ಹೋಳಿನ ಮೇಲೆ ಒಂದು ಚಮಚ ಸಾರು ಹಾಕಿ ನೋಡಿದಳು. ಅದು ನೇರ ಅಂಗೈಗೆ ಇಳಿಯಿತು. ಕಾವಲಿಯಲ್ಲಿ ಕಾಯಿಸಿದರೆ ಹೊರಗೆ ಕರಟಿತು, ಒಳಗೆ ಮೆತ್ತಗೇ ಉಳಿಯಿತು.

ಪಿಕಪ್ ಓಡಿಸುವ ಅವಳ ಗಂಡ ಅದ್ದು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ.

"ಮೊನ್ನೆ ಪಿಕಪ್ಪಿನ ಡ್ಯಾಶ್‌ಬೋರ್ಡ್ ಮುಟ್ಟಿ ನೀವು ಎಂತ ಸುಟ್ಟುಕೊಂಡದ್ದು?" ಎಂದು ನಫೀಸತ್ ಅವನನ್ನು ಕೇಳಿದಳು.

"ಕೈ."

"ಹಾಗಾದ್ರೆ ಇವತ್ತು ಗಾಡಿ ಬಿಸಿಲಲ್ಲಿ ನಿಲ್ಲಿಸಿ."

"ರುಸ್ತಾಕಿಗೆ ಸಾಮಾನು ಸಾಗಿಸ್ಲಿಕ್ಕೆ ಉಂಟು ಮಾರಾಯ್ತಿ."

"ನಾಳೆ ಹೋಗಿ. ಸಾಮಾನು ಅಳೋದಿಲ್ಲ."

ಅದ್ದು ಮಗಳ ಮುಖ ನೋಡಿ ಕೀಲಿಕೈ ತೆಗೆದುಕೊಂಡ.

ಮರಳುನಾಡಿನ ಮೇ ತಿಂಗಳ ಬಿಸಿಲು. ಹೋಳುಗಳನ್ನು ಗಾಡಿಯೊಳಗೆ ಬಟ್ಟೆಯ ಮೇಲೆ ಹರಡಿ, ಒಳಗೆ ಹಬೆ ಕಟ್ಟದ ಹಾಗೆ ಗಾಜನ್ನು ಬೆರಳಷ್ಟು ಇಳಿಸಿದರು. ಮಧ್ಯಾಹ್ನದ ನಮಾಝು ಮುಗಿಸಿ ಬಂದ ಅದ್ದು ಒಂದೊಂದನ್ನೂ ಮಗುಚಿ ಹಾಕಿದ. ಸಂಜೆಯ ಹೊತ್ತಿಗೆ ಬೆರಳಲ್ಲಿ ತಟ್ಟಿದರೆ ಹಲಗೆಯ ಸದ್ದು.

ಶಾಲೆಯಲ್ಲಿ ಕ್ಲೆಮೆಂಟಿನಾ ಟೀಚರ್ ಒಂದು ತಟ್ಟೆಯನ್ನು ಕೈಯಲ್ಲೇ ಹಿಡಿದರು. ಮಾಜಿದಾ ಒಂದು ಸೌಟು ಕಾಳುಮೆಣಸಿನ ಕೋಳಿ ಸಾರು ಸುರಿದಳು. ಟೀಚರ್ ತಟ್ಟೆ ಎತ್ತಿ ಅಡಿ ನೋಡಿದರು. ಒಣಗಿಯೇ ಇತ್ತು.

"ಹೇಳಮ್ಮ, ಇದೇನು ಕಥೆ?" ಎಂದರು.

ಮಾಜಿದಾ ಹೇಳತೊಡಗಿದಳು. ಮೊದಲ ಎರಡು ಮಾತು ಯಾರಿಗೂ ಕೇಳಿಸಲಿಲ್ಲ. ಮೂರನೆಯದಕ್ಕೆ ಪಕ್ಕದ ಮಳಿಗೆಯವರೂ ತಿರುಗಿದರು. ಅಷ್ಟರಲ್ಲಿ ನಫೀಸತ್ ಸಾಲಲ್ಲಿ ನಿಂತವರ ತಟ್ಟೆಗೆಲ್ಲ ಎರಡೆರಡು ಸೌಟು ಬಡಿಸಿಯಾಗಿತ್ತು.

"ಉಮ್ಮಾ, ಸ್ವಲ್ಪ ಸಾಕು, ಇದು ಎಕ್ಸಿಬಿಷನ್."

"ಅದು ಅವರ ಹೊಟ್ಟೆಗೆ ಗೊತ್ತುಂಟಾ? ನೀನು ಮಾತಾಡು."

ಮಾಜಿದಾ ಹೊಸದಾಗಿ ಬಂದವರ ಕಡೆ ತಿರುಗಿ ಮತ್ತೆ ಮೊದಲಿನಿಂದ ಶುರು ಮಾಡಿದಳು.