ಜಗಳ ಬಿಡದ ಮಂಡಿ

ಕಾಡಿಲಿಗಳನ್ನು ಬೋನಿಗೆ ಬೀಳಿಸಿ, ಹನಿ ರಕ್ತ ತೆಗೆದು ಪರೀಕ್ಷಿಸುವುದು ಅವಳ ಕೆಲಸ. ಅದಕ್ಕೇ ಮನೆಮಂದಿಗೆಲ್ಲ ಅವಳು ‘ಇಲಿ ಡಾಕ್ಟರು’. ಹಾಗೆ ಕರೆಯಲು ಶುರುಮಾಡಿದವನು ಅವಳ ಅಣ್ಣ. ಸಿಟಿ ಬಸ್ಸಿನ ಚಾಲಕ. ಮಾತಿಗೆ ನಿಂತರೆ ಬಸ್ಸಿಗಿಂತ ಜೋರು.

ರಜೆಯ ದಿನ ಕೆರೆದಂಡೆಯ ಹುಲ್ಲಿನಲ್ಲಿ ಗಾಳ ಹಾಕಿ ಕೂತಿದ್ದಾಗ ಅವನಿಗೆ ಉಣುಗು ಕಚ್ಚಿತ್ತು. ಎಳ್ಳುಕಾಳಿನಷ್ಟು ಹುಳ. ಅದು ರಕ್ತ ಹೀರುತ್ತಾ ರೋಗದ ಬ್ಯಾಕ್ಟೀರಿಯಾವನ್ನು ಮೈಗೆ ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ. ತಿಂಗಳುಗಳು ಕಳೆದ ಮೇಲೆ ಎಡಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತು. ವೈದ್ಯರು ಮಾತ್ರೆ ಕೊಟ್ಟರು, ಆಮೇಲೆ ಸೂಜಿ ಚುಚ್ಚಿದರು. ಬ್ಯಾಕ್ಟೀರಿಯಾ ಸತ್ತಿತು. ಊತ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಅವನು ಕುಂಟುತ್ತಾ ಅವಳ ಪ್ರಯೋಗಾಲಯಕ್ಕೇ ಬಂದ. ‘ಎಲ್ಲಿ, ನಿನ್ನ ಪೇಷಂಟನ್ನ ತೋರಿಸು.’

ಅವಳು ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದಳು. ಒಳಗೆ ಕಂದು ಇಲಿಯೊಂದು ಮುಂಗಾಲಲ್ಲಿ ಕಾಳು ಹಿಡಿದು ಕಡಿಯುತ್ತಿತ್ತು.

‘ಇದಕ್ಕೂ ನನ್ನ ರೋಗಾನೇನಾ?’

‘ಅದೇ. ಸಾಯೋವರೆಗೂ ಇದರ ಮೈಯಲ್ಲಿ ಇರುತ್ತೆ.’

‘ಕುಂಟ್ತಾ ಇಲ್ವಲ್ಲೇ!’

‘ಮೊದಲು ಇದರ ಮೈಯೂ ಬ್ಯಾಕ್ಟೀರಿಯಾ ಜೊತೆ ಜಗಳ ಆಡುತ್ತಣ್ಣ. ರಕ್ತ ನೋಡಿದ್ರೆ ಗೊತ್ತಾಗುತ್ತೆ. ಆಮೇಲೆ ಸಾಕು ಅಂತ ತಾನೇ ಸುಮ್ಮನಾಗುತ್ತೆ. ನಿನ್ನ ಮೈ ಸುಮ್ಮನಾಗ್ತಿಲ್ಲ, ಅದಕ್ಕೇ ಈ ಊತ.’

‘ನಮ್ಮ ದೊಡ್ಡಪ್ಪನ ಥರ ಅನ್ನು. ಪಕ್ಕದ ಮನೆಯೋನು ಸತ್ತುಹೋದ್ಮೇಲೂ ಬೇಲಿ ಜಗಳ ಬಿಡಲಿಲ್ಲ ಮಹಾನುಭಾವ.’

ಅವಳಿಗೆ ನಗು ಉಕ್ಕಿತು. ಅವನೂ ನಕ್ಕ. ನಗುತ್ತಲೇ, ‘ಇದರ ರಕ್ತದಲ್ಲಿ ಏನಿದ್ಯೋ ಅದನ್ನ ಒಂಚೂರು ನಂಗೂ ಹಾಕೇ’ ಎಂದ.

‘ಹಾಗೆಲ್ಲ ಆಗಲ್ಲಣ್ಣ.’

‘ಗೊತ್ತು ಬಿಡು. ಸುಮ್ನೆ ಕೇಳ್ದೆ.’

ಸುಮ್ಮನೆ ಕೇಳಿರಲಿಲ್ಲ. ಅವನ ಕಣ್ಣು ಇನ್ನೂ ಇಲಿಯ ಕಾಲಿನ ಮೇಲೇ ಇತ್ತು.

ಡಿಪೋದವರು ಅವನಿಗೆ ಮತ್ತೆ ಸ್ಟಿಯರಿಂಗ್ ಕೊಡಲಿಲ್ಲ. ಅಂಥ ಕಾಲನ್ನು ನೆಚ್ಚಿ ಬಸ್ಸಿನ ತುಂಬ ಜನರನ್ನು ಹತ್ತಿಸುವುದು ಹೇಗೆ? ಪ್ರಯಾಣಿಕರು ಮರೆತುಹೋದ ಛತ್ರಿ, ಚೀಲಗಳ ಕೋಣೆಯಲ್ಲಿ ಕೂರಿಸಿದರು. ಅದೇ ಹೊತ್ತಿಗೆ ಅವಳ ಕೆಲಸ ಫಲಿಸಿತು. ಇಲಿಯ ಮೈಯೊಳಗಿನ ಜಗಳವನ್ನು ತಣ್ಣಗಾಗಿಸುವ ರಕ್ತಕಣಗಳು ಯಾವುವೆಂದು ಗೊತ್ತಾಯಿತು. ಜೊತೆಯವರು ಬೆನ್ನು ತಟ್ಟಿದರು. ಅವಳು ನೆಟ್ಟಗೆ ಡಿಪೋಗೆ ಹೋದಳು.

‘ಭೇಷ್ ಇಲಿ ಡಾಕ್ಟ್ರೇ!’ ಅಣ್ಣ ಮೇಜು ಗುದ್ದಿದ. ‘ಅಂದ್ರೆ ಔಷಧಿ ಬರುತ್ತಾ?’

‘ಬರಬಹುದು, ಯಾವಾಗ್ಲೋ. ಬರದೇನೂ ಇರಬಹುದು.’

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಹೊರಗೆ ಅವನ ಹಳೇ ಬಸ್ಸು ಹೊರಟಿತು. ಹೊಸ ಚಾಲಕ ಗೇರನ್ನು ಕರ್ರೆಂದು ಎಳೆದ. ಮೇಜಿನ ಕೆಳಗೆ ಅಣ್ಣನ ಎಡಗಾಲು ತನಗರಿವಿಲ್ಲದೆ, ಅಲ್ಲಿಲ್ಲದ ಕ್ಲಚ್ಚನ್ನು ತುಳಿಯಿತು. ಅವನು ಹಲ್ಲು ಕಚ್ಚಿ ಕಣ್ಣು ಮುಚ್ಚಿದ.

ಅವಳು ಕ್ಯಾಂಟೀನಿಗೆ ಓಡಿ ಐಸ್ ತಂದಳು. ಕರವಸ್ತ್ರದಲ್ಲಿ ಸುತ್ತಿ, ನೆಲದ ಮೇಲೇ ಕೂತು ಮಂಡಿಗೆ ಒತ್ತಿ ಹಿಡಿದಳು. ನೀರು ಬೆರಳ ಸಂದಿಯಿಂದ ಇಳಿಯತೊಡಗಿತು.

‘ಸಾಕು ಬಿಡೇ, ನಿನ್ನ ಕೈ ಮರಗಟ್ಟುತ್ತೆ.’

‘ಇರ್ಲಿ’ ಎಂದಳು. ತಲೆ ಎತ್ತಲಿಲ್ಲ.